ನಿಮ್ಮ ಗೀಸರ್ ಹೇಗುಂಟು?

ಗೀಸರ್ ಮತ್ತು ಸೋಲಾರ್ ರಿಪೇರಿ ನನ್ನ ಕೆಲಸ. ಬೆಳಿಗ್ಗೆ ಸ್ಕೂಟರ್ ಹತ್ತುವಾಗ ಇವತ್ತಾದರೂ ಬರೀ ಕಾಯಿಲ್ ಬದಲಾಯಿಸಿ ತೆಪ್ಪಗೆ ಮನೆಗೆ ಬರುವ ಎಂದುಕೊಳ್ಳುತ್ತೇನೆ, ಅದು ಮಾತ್ರ ಆಗುವುದಿಲ್ಲ. ಜನರು ಚಾವಡಿಯಲ್ಲಿ ಒಂದು ರೀತಿ ಇರುತ್ತಾರೆ, ಬಚ್ಚಲುಮನೆಯಲ್ಲಿ ಬೇರೆಯೇ ರೀತಿ. ನನಗೆ ಸಿಗುವುದು ಎರಡನೆಯದ್ದು. ಅದರ ಮೇಲೆ, ಯಾಕೆ ಹೀಗೆ ಎಂದು ಕೇಳದೆ ನನಗೂ ಇರಲಿಕ್ಕಾಗುವುದಿಲ್ಲ.

ಹಾಡುವ ಗೀಸರ್

ಮಣಿಪಾಲದ ಒಂದು ಫ್ಲ್ಯಾಟಿನಿಂದ ಉಪನ್ಯಾಸಕಿಯೊಬ್ಬರು ಫೋನ್ ಮಾಡಿದರು. "ನಮ್ಮ ಗೀಸರ್ ಹಾಡುತ್ತದೆ. ನೀವು ನಗಬಾರದು."

ನಾನು ನಗಲಿಲ್ಲ. ಹಳೆಯ ಗೀಸರಿನ ಕಾಯಿಲಿಗೆ ಸುಣ್ಣ ಹಿಡಿದರೆ 'ಊಂ' ಎಂದು ಎಳೆಯುವುದುಂಟು. ಹೋಗಿ ಸ್ವಿಚ್ ಹಾಕಿ, ಟೈಲ್ಸಿಗೆ ಕಿವಿ ಕೊಟ್ಟು ನಿಂತೆ. ಊಂ ಎಂದಿತು. ಸರಿ. ಸ್ವಲ್ಪ ಹೊತ್ತಿನಲ್ಲಿ ಅದರೊಳಗಿಂದಲೇ 'ತದಿ ಧೀಂ, ತದಿ ಧೀಂ' ಎಂದಿತು. ನನ್ನ ಸರ್ವೀಸಿನಲ್ಲಿ ತಾಳ ಹಾಕುವ ಗೀಸರನ್ನು ಕಂಡದ್ದು ಅದೇ ಮೊದಲು.

ಬಿಚ್ಚಿ ನೋಡಿದರೆ ಕಾಯಿಲು ಸುಣ್ಣದ ಗಟ್ಟಿಯಾಗಿತ್ತು, ಟ್ಯಾಂಕಿಗೆ ತುಕ್ಕು. ರಿಪೇರಿ ಮಾಡಿ ಪ್ರಯೋಜನವಿರಲಿಲ್ಲ, ಹೊಸತು ಹಾಕಿದೆ. ಮರುದಿನ ಬೆಳಿಗ್ಗೆ ಮತ್ತೆ ಅವರದ್ದೇ ಫೋನ್. "ಊಂ ಎನ್ನುವುದು ನಿಂತಿದೆ. ಹಾಡು ನಿಂತಿಲ್ಲ."

ಹೋದೆ. ಈ ಸಲ ಊಂ ಇಲ್ಲದ ಕಾರಣ ಸ್ಪಷ್ಟವಾಗಿ ಕೇಳಿತು, ಹಾಡು ಬರುತ್ತಿದ್ದದ್ದು ಮೇಲಿನ ಫ್ಲ್ಯಾಟಿನಿಂದ. ಇಬ್ಬರೂ ಮೇಲೆ ಹೋಗಿ ಬೆಲ್ ಒತ್ತಿದೆವು. ಹೆಗಲಿಗೆ ಟವೆಲ್ ಹಾಕಿಕೊಂಡ ಹಿರಿಯರೊಬ್ಬರು ಬಾಗಿಲು ತೆರೆದರು. ನಿವೃತ್ತಿಯಾದ ಮೇಲೆ ಯಕ್ಷಗಾನದ ಭಾಗವತಿಕೆ ಕಲಿಯುತ್ತಿದ್ದಾರಂತೆ. ಮನೆಯವರು ಬಚ್ಚಲುಮನೆಯಲ್ಲಿ ಮಾತ್ರ ಹಾಡಲು ಬಿಡುವುದಂತೆ.

ಉಪನ್ಯಾಸಕಿ ಬಾಯಿ ತೆರೆಯುವ ಮೊದಲೇ ಅವರು ಸಿಟ್ಟಿನಿಂದ ಕೇಳಿದರು: "ನಿಮ್ಮಲ್ಲಿ ಎಂತ ಮಾಡಿದಿರಿ? ಇಷ್ಟು ದಿವಸ ಪೈಪಿನಲ್ಲಿ ಎಷ್ಟು ಚಂದದ ಶ್ರುತಿ ಬರುತ್ತಿತ್ತು! ಇವತ್ತು ಅದಿಲ್ಲದೆ ನನ್ನ ಪದ್ಯ ಎಲ್ಲೆಲ್ಲಿಗೋ ಹೋಗುತ್ತಾ ಉಂಟು!"

ಕಾಪುವಿನ ಸೋಲಾರ್

ಕಾಪುವಿನಲ್ಲಿ ಸಮುದ್ರದ ಹತ್ತಿರವೇ ಒಂದು ಮನೆ. ಮೀನಿನ ವ್ಯಾಪಾರದ ಅಕ್ಕ. "ಸೋಲಾರ್ ಹಳತಾಯಿತು ಮಾರಾಯ್ರೆ, ನೀರು ಬೆಚ್ಚಗೂ ಆಗುವುದಿಲ್ಲ" ಎಂದರು. ಉಪ್ಪುಗಾಳಿ ಪೈಪನ್ನು ತಿಂದಿರಬೇಕು ಎಂದುಕೊಂಡು ಟೆರೇಸು ಹತ್ತಿದೆ.

ಪ್ಯಾನೆಲ್ ಕಾಣಲಿಲ್ಲ. ಅದರ ಗಾಜಿನ ಮೇಲೆ ಉದ್ದಕ್ಕೂ ಮೀನು. ನಂಗ್ ಮೀನನ್ನು ಸಾಲುಸಾಲಾಗಿ ಒಣಗಲು ಹಾಕಿ ಮೇಲೆ ಬಲೆ ಕಟ್ಟಿದ್ದರು.

"ಅಕ್ಕ, ಇದರ ಮೇಲೆ ಯಾಕೆ?"

"ನೆಲದಲ್ಲಿ ಹಾಕಿದರೆ ಬೆಕ್ಕು ಬಿಡ್ತದಾ? ಇದಕ್ಕೆ ಹತ್ತಿದರೆ ಜಾರಿ ಬೀಳ್ತದೆ. ಮತ್ತೆ ಗಾಜಿನ ಬಿಸಿಗೆ ಎಷ್ಟು ಬೇಗ ಒಣಗ್ತದೆ ಗೊತ್ತುಂಟಾ?"

"ಬಿಸಿಲು ನೀರಿಗೂ ಬೇಕಲ್ವಾ?"

"ಮೀನಿಗೆ ಬೇಡ್ವಾ?"

ಅಕ್ಕ ಸ್ವಲ್ಪ ಯೋಚನೆ ಮಾಡಿ ಹೇಳಿದರು, "ಹಾಗಾದರೆ ಪಕ್ಕದಲ್ಲಿ ಇನ್ನೊಂದು ಹಾಕಿ. ಅದಕ್ಕೆ ಟ್ಯಾಂಕ್ ಬೇಡ, ಪೈಪ್ ಬೇಡ, ನೀರಿನ ಸುದ್ದಿಯೇ ಬೇಡ."

ಉಡುಪಿಗೆ ಬಂದು ನನಗೆ ಮಾಲು ಕೊಡುವವನಿಗೆ ಫೋನ್ ಮಾಡಿದೆ. "ನೀರು ಬಿಸಿ ಮಾಡದ ಸೋಲಾರ್ ಉಂಟಾ?"

ಅವನು ಸಣ್ಣ ದನಿಯಲ್ಲಿ ಕೇಳಿದ: "ಯಾರ ಮನೆಯಿಂದ ಕಂಪ್ಲೇಂಟ್ ಬಂದದ್ದು?"

ಅಜ್ಜಿಯ ಗೀಸರ್

ಕಾರ್ಕಳದ ಒಂದು ಮನೆಯಲ್ಲಿ ಗೀಸರಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಆಯುಧಪೂಜೆಯಂದು ಸ್ಕೂಟರಿಗೆ, ಮಿಕ್ಸಿಗೆ ಹಚ್ಚುವಾಗ ಅಜ್ಜಿ ಅದಕ್ಕೂ ಹಚ್ಚುತ್ತಿದ್ದರಂತೆ. ಮೊಮ್ಮಕ್ಕಳೆಲ್ಲ ಮಿಂದದ್ದು ಅದರ ನೀರಿನಲ್ಲಿ. ಈಗ ಅದರ ಟ್ಯಾಂಕು ಸೋರಿ ಗೋಡೆಯಿಡೀ ಒದ್ದೆ. ಮಗಳು ನನ್ನನ್ನು ಕರೆಸಿದ್ದರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದರು.

"ಬದಲಾಯಿಸಿ, ತೊಂದರೆ ಇಲ್ಲ. ಆದರೆ ಇದನ್ನು ಗುಜರಿಗೆ ಕೊಡಬಾರದು. ಯಾರಾದರೂ ಒಳ್ಳೆಯ ಜನರ ಮನೆಗೆ ಕೊಡಬೇಕು."

ಮಗಳು ನನಗೆ ಕಣ್ಸನ್ನೆ ಮಾಡಿದರು. ನಾನು ಹೂಂ ಎಂದು ಅದನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟೆ. ದಾರಿಯಲ್ಲಿಯೇ ಅದರ ತಳ ಕಳಚಿ ರಸ್ತೆಗೆ ಬಿತ್ತು. ಗುಜರಿಯವನೂ ಅದನ್ನು ಬೇಕೋ ಬೇಡವೋ ಎಂಬಂತೆ ತೆಗೆದುಕೊಂಡ.

ವಾರ ಕಳೆದ ಮೇಲೆ ಅಜ್ಜಿಯ ಫೋನ್. "ನಮ್ಮ ಗೀಸರ್ ಹೇಗುಂಟು?"

"ಚೆನ್ನಾಗುಂಟು ಅಜ್ಜಿ. ಹೆಬ್ರಿಯಲ್ಲಿ ಒಬ್ಬರು ಮೇಷ್ಟ್ರ ಮನೆಯಲ್ಲಿ ಉಂಟು." ಹೆಬ್ರಿ ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ. ದೂರ ಉಂಟಲ್ಲ ಎಂದಿರಬೇಕು.

"ಹೌದಾ! ನನ್ನ ತಂಗಿಯ ಮನೆ ಹೆಬ್ರಿಯಲ್ಲೇ. ಆದಿತ್ಯವಾರ ಹೋಗ್ಲಿಕ್ಕುಂಟು. ಹಾಗೇ ನೋಡಿ ಬರುವ."

ಪುಣ್ಯಕ್ಕೆ ಹೆಬ್ರಿಯಲ್ಲಿ ಒಬ್ಬರು ನಿಜವಾದ ಮೇಷ್ಟ್ರು ನನ್ನ ಗಿರಾಕಿ. ಅದೇ ಕಂಪೆನಿಯ, ಅದೇ ಬಣ್ಣದ ಗೀಸರ್ ಅವರ ಮನೆಯಲ್ಲುಂಟು, ಸಣ್ಣ ಸೈಜಿನದ್ದು. ಕೈಮುಗಿದು ಕೇಳಿಕೊಂಡೆ. ಮೇಷ್ಟ್ರು ನಕ್ಕು ಒಪ್ಪಿದರು, ಅವರ ಹೆಂಡತಿ ಒಂದು ಬೊಟ್ಟು ಕುಂಕುಮವನ್ನೂ ಇಟ್ಟರು.

ಆದಿತ್ಯವಾರ ಅಜ್ಜಿ ಮಗಳ ಜೊತೆ ಬಂದರು. ಹಿಂದೆಯೇ ನಾನು. ಅಜ್ಜಿ ಸೀದಾ ಬಚ್ಚಲುಮನೆಗೆ ಹೋಗಿ ಗೀಸರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಅಜ್ಜಿಯ ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಎಷ್ಟು ಸೊರಗಿ ಹೋಗಿದೆ!"

ಮತ್ತೆ ಮೇಷ್ಟ್ರ ಹೆಂಡತಿಯ ಕಡೆ ತಿರುಗಿ ಗಟ್ಟಿಯಾಗಿಯೇ ಕೇಳಿದರು, "ದಿನಾ ಎಷ್ಟು ಬಾಲ್ದಿ ತೆಗೀತೀರಿ ನೀವು?"

ಆ ಅಮ್ಮ ತಲೆ ತಗ್ಗಿಸಿ, "ಇನ್ನು ಕಡಿಮೆ ಮಾಡ್ತೇವೆ ಅಜ್ಜಿ" ಎಂದರು. ಆ ರಾತ್ರಿ ಮೇಷ್ಟ್ರ ಫೋನ್ ಬಂತು. "ಎಂತ ಮಾರಾಯ ನೀನು ಮಾಡಿದ್ದು? ಅಜ್ಜಿ ಹೋದ ಮೇಲೆ ನನಗೆ ಎರಡನೇ ಬಾಲ್ದಿಯೇ ಇಲ್ಲ. ಪಾಪ ಗೀಸರ್, ಸ್ವಲ್ಪ ಚೇತರಿಸಿಕೊಳ್ಳಲಿ ಅಂತ ಇವಳು!"

ನೀಲಿ ಗೇಟಿನ ಮನೆ

ನಮ್ಮ ಮನೆಯ ಗೀಸರ್ ಕೆಟ್ಟು ಎಷ್ಟು ಸಮಯವಾಗಿತ್ತೆಂದು ನನಗೆ ನೆನಪಿಲ್ಲ. ಹೆಂಡತಿಗೆ ನೆನಪುಂಟು. ಅವಳು ಕೇಳಿದಾಗಲೆಲ್ಲ ನಾನು "ನಾಳೆ ನೋಡುವ" ಎನ್ನುತ್ತಿದ್ದೆ. ಅವಳು ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿ ಬಚ್ಚಲಿಗೆ ಹೊರುತ್ತಿದ್ದಳು. ಕೊನೆಗೆ ಕೇಳುವುದನ್ನೇ ಬಿಟ್ಟಳು. ನಾನು ಅದನ್ನು ಒಳ್ಳೆಯ ಲಕ್ಷಣ ಎಂದುಕೊಂಡೆ.

ಒಂದು ಮಧ್ಯಾಹ್ನ ಯಾವುದೋ ಹೆಂಗಸಿನ ಫೋನ್. "ಗೀಸರ್ ಕೆಟ್ಟಿದೆ. ಸ್ವಲ್ಪ ಅರ್ಜೆಂಟುಂಟು."

"ಈಗಲೇ ಬಂದೆ ಮೇಡಂ. ಮನೆ ಎಲ್ಲಿ?"

ಹೇಳಿದ್ದು ನಮ್ಮ ಓಣಿಯ ಹೆಸರು. ನೀಲಿ ಗೇಟು, ಒಳಗೆ ಪೇರಳೆ ಮರ. ನಮ್ಮ ಓಣಿಯಲ್ಲೇ ಹೊಸ ಗಿರಾಕಿ ಎಂದು ಖುಷಿಯಾಯಿತು. ಯಾರಪ್ಪಾ ಇವರು ಎಂಬ ಕುತೂಹಲದಲ್ಲಿ ಓಣಿಯಲ್ಲಿ ಗೇಟು ನೋಡುತ್ತಾ ಹೋದೆ. ಹಸಿರು, ಕಪ್ಪು, ಮತ್ತೆ ಹಸಿರು. ಸಿಕ್ಕಿದ ಒಂದೇ ನೀಲಿ ಗೇಟು ನಮ್ಮದು. ತನ್ನ ಗೇಟಿನ ಬಣ್ಣ ಯಾರು ನೆನಪಿಟ್ಟುಕೊಳ್ಳುತ್ತಾರೆ, ಹೇಳಿ?

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಫೋನ್ ಹಿಡಿದುಕೊಂಡು ನೆರೆಮನೆಯ ಅಮ್ಮ.

"ಬನ್ನಿ, ಬನ್ನಿ. ಬೇಗ ಬಂದಿರಿ" ಎಂದಳು ಹೆಂಡತಿ. "ಚಪ್ಪಲಿ ಹೊರಗೆ ಬಿಡಿ. ಬಚ್ಚಲುಮನೆ ಈ ಕಡೆ."

ನೆರೆಯವರ ಎದುರು ಎಂತ ಹೇಳುವುದು? ಚೀಲ ಹಿಡಿದು ಒಳಗೆ ಹೋದೆ. ಅವಳು ಸ್ಟೂಲ್ ಕೊಟ್ಟಳು, ಕುಡಿಯಲಿಕ್ಕೆ ಎಂತ ಬೇಕು ಎಂದು ಕೇಳಿದಳು, ಸೆರಗು ಹೊದ್ದು ದೂರದಲ್ಲಿ ನಿಂತಳು. ನೆರೆಯ ಅಮ್ಮನೂ ನಿಂತರು. ನಾನು ಮುಖ ಎತ್ತದೆ ಸ್ಕ್ರೂ ಬಿಚ್ಚಿದೆ.

ಮುಚ್ಚಳ ತೆಗೆದದ್ದೇ ತಡ, ಸಿಟ್ಟು ಬಂತು. ವಯರುಗಳನ್ನು ಹೇಗೆಂದರೆ ಹಾಗೆ ತಿರುಚಿ ಟೇಪು ಸುತ್ತಿದ್ದರು. ಒಂದು ಕಡೆ ಸ್ಕ್ರೂ ಬದಲು ಸೇಫ್ಟಿ ಪಿನ್. ಇಂಥದ್ದನ್ನು ಕಂಡರೆ ನಾನು ಯಾವ ಮನೆಯಲ್ಲಾದರೂ ಹೇಳುವ ಒಂದು ಮಾತುಂಟು. ಅಭ್ಯಾಸಬಲದಿಂದ ಅದು ಗಟ್ಟಿಯಾಗಿ ಬಾಯಿಂದ ಬಂದೇಬಿಟ್ಟಿತು.

"ಇದಕ್ಕೆ ಮೊದಲು ಕೈ ಹಾಕಿದ ಕತ್ತೆ ಯಾರು ಮೇಡಂ? ಅಂಥವನನ್ನೆಲ್ಲ ಮನೆಯೊಳಗೆ ಸೇರಿಸುವುದಾ?"

ಆಗ ನನಗೆ ಆ ಸೇಫ್ಟಿ ಪಿನ್ನಿನ ಗುರುತು ಹತ್ತಿತು.

ಹೆಂಡತಿ ನಿಟ್ಟುಸಿರು ಬಿಟ್ಟು, ತುಂಬಾ ಮರ್ಯಾದೆಯಿಂದ ಹೇಳಿದಳು: "ಎಂತ ಮಾಡುವುದು ಹೇಳಿ, ಹಿರಿಯರು ನೋಡಿ ಮಾಡಿದ ಮದುವೆ."