ಕೆರೆಯಿಂದ ವಾಪಸ್ ಬಂದ ಗಣಪ, ಮೊದಲನೇ ಸಂಪಿಗೆ

ಸಾರಕ್ಕಿ ಕೆರೆ ಪಕ್ಕ ಮನೆ ಇರೋರಿಗೆ ಟೀವಿ ಬೇಕಾಗಿಲ್ಲ. ಪೈಪು ಹಿಡ್ಕೊಂಡು ಕಾಂಪೌಂಡ್ ಒಳಗೆ ನಿಂತ್ರೆ ಸಾಕು, ಏನಾದ್ರೊಂದು ನಡೀತಾನೇ ಇರತ್ತೆ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ನಂಗೆ ಗಿಡಕ್ಕೆ ನೀರು ಹಾಕೋದು ನೆಪ, ರಸ್ತೆ ನೋಡೋದು ಕೆಲಸ. ಯಾರ ಕೈಲಿ ಏನಿದೆ, ಯಾಕಿದೆ ಅಂತ ತಿಳ್ಕೊಳ್ಳದಿದ್ರೆ ತಿಂಡಿ ಗಂಟಲಲ್ಲಿ ಇಳಿಯಲ್ಲ. ಮೋಡ ಇಲ್ಲ, ಬಿಸಿಲಿಲ್ಲ, ಬೆಳಗ್ಗೆ ಆರೂವರೆಗೆ ಒಬ್ಬ ಯಜಮಾನರು ದಿನಾ ಛತ್ರಿ ಹಿಡ್ಕೊಂಡೇ ವಾಕಿಂಗ್ ಹೋಗ್ತಿದ್ರು. ಅದ್ಯಾಕೆ ಅಂತ ಎರಡು ವರ್ಷ ತಲೆ ಕೆಡಿಸ್ಕೊಂಡಿದ್ದೆ.

"ನಿಮಗ್ಯಾಕ್ರೀ ಊರ ಉಸಾಬರಿ?" ಅಂತಾಳೆ ನನ್ನ ಹೆಂಡತಿ. ಆಮೇಲೆ ಒಲೆ ಸಣ್ಣ ಮಾಡಿ, "ಏನಂತೆ?" ಅಂತ ಅವಳೇ ಆಚೆ ಬರ್ತಾಳೆ.

ಮರಕ್ಕೆ ಬೆದರಿಕೆ

ನಮ್ಮನೆ ಮುಂದೆ ಒಂದು ಕೆಂಡಸಂಪಿಗೆ ಮರ ಇದೆ. ಇಲ್ಲೇ ಶ್ರೀನಗರ ಬಡಾವಣೇಲಿ ಹೆಂಡತಿಯ ತವರುಮನೆ ಕೆಡವಿ ಫ್ಲ್ಯಾಟ್ ಕಟ್ಟೋವಾಗ, ಹಿತ್ತಲ ಸಂಪಿಗೆ ಮರದ ಬುಡದಲ್ಲಿದ್ದ ಗೇಣುದ್ದ ಸಸೀನ ಹಾಲಿನ ಕವರ್‌ನಲ್ಲಿ ಹಾಕ್ಕೊಂಡು ಬಂದು ನೆಟ್ಟಿದ್ದಳು. ಆ ಮರದ ಹೂ ಮುಡಿಸಿಯೇ ಅವಳಮ್ಮ ಅವಳನ್ನ ಸ್ಕೂಲಿಗೆ ಕಳಿಸ್ತಿದ್ದರಂತೆ. ಎಂಟು ವರ್ಷ ಆಯ್ತು, ಮರ ಮಹಡಿ ಮುಟ್ತು, ಒಂದು ಮೊಗ್ಗಿಲ್ಲ. ದಿನಾ ಬೆಳಗ್ಗೆ ತಲೆ ಎತ್ತಿ ನೋಡಿ ಒಳಗೆ ಹೋಗ್ತಿದ್ದಳು. ನಂಗೆ ಸಂಕಟ ಆಗ್ತಿತ್ತು.

ಮಾಲಿ ಉಪಾಯ ಹೇಳ್ದ. "ಹೆದರಿಸ್ಬೇಕು ಸಾರ್. ನೀವು ಮಚ್ಚೆತ್ತಿ 'ಕಡೀತೀನಿ' ಅನ್ನಿ. ನಾನು 'ಬೇಡಿ ಸಾರ್, ಈ ಸಲ ಬಿಡತ್ತೆ' ಅಂತ ಅಡ್ಡ ಬರ್ತೀನಿ. ನಮ್ಮೂರಲ್ಲಿ ಹಲಸಿನ ಮರಕ್ಕೆಲ್ಲ ಹಿಂಗೇ ಮಾಡೋದು."

ನಾನು ಪಂಚೆ ಎತ್ತಿ ಕಟ್ಟಿ, ಮಚ್ಚು ಎತ್ತಿ, "ಕಡೀತೀನಿ ನಿನ್ನ!" ಅಂತ ಗುಡುಗಿದೆ. ಅಷ್ಟರಲ್ಲಿ ಮಾಲಿಗೆ ಫೋನ್ ಬಂತು. "ಹೇಳು ಮಗಾ" ಅಂತ ಗೇಟಾಚೆ ಹೋದ. ಈಗ ಅಡ್ಡ ಬರೋರೇ ಇಲ್ಲ. ಎತ್ತಿದ ಮಚ್ಚು ಸುಮ್ನೆ ಇಳಿಸಿದ್ರೆ ಮರಕ್ಕೆ ನನ್ನ ಮೇಲಿನ ಭಯ ಹೋಗ್ಬಿಡತ್ತೆ. "ಕಡೀತೀನಿ, ನೋಡು, ಕಡೀತೀನಿ" ಅಂತ ಐದು ನಿಮಿಷ ಹಾಗೇ ನಿಂತೆ, ಭುಜ ನೋಯೋಕೆ ಶುರುವಾಯ್ತು. ವಾಕಿಂಗ್ ಬಂದಿದ್ದ ಒಬ್ಬ ಮೇಡಂ ಗೇಟ್ ತಳ್ಕೊಂಡು ಓಡಿ ಬಂದ್ರು. "ಅಯ್ಯೋ, ಬೇಡ ಅಂಕಲ್! ಎಂಥಾ ಮರ! ಪರ್ಮಿಷನ್ ಇದ್ಯಾ? ಕಂಪ್ಲೇಂಟ್ ಕೊಡ್ತೀನಿ!" ಅಂತ ಮರಾನ ತಬ್ಕೊಂಡು ಅತ್ತೇಬಿಟ್ರು.

ಫೋನ್ ಮುಗಿಸಿ ಬಂದ ಮಾಲಿ ಮೆಲ್ಲಗೆ ಹೇಳ್ದ, "ಈ ಸಲ ಹೂ ಗ್ಯಾರಂಟಿ ಸಾರ್. ನಂಗೆ ಇಷ್ಟು ಚೆನ್ನಾಗಿ ಅಳಕ್ಕೆ ಬರ್ತಿರ್ಲಿಲ್ಲ."

ರಿಟರ್ನ್ ಇಲ್ಲ

ಭಯದ ಜೊತೆ ಗೊಬ್ಬರಾನೂ ಇರ್ಲಿ ಅಂತ ಕೆರೆ ಹೂಳು ಒಂದು ಲೋಡ್ ತರಿಸಿದ್ವಿ. ಮಾಲಿ ಅದನ್ನ ಬುಡಕ್ಕೆ ಹರಡೋವಾಗ ಸಲಿಕೆಗೆ ಏನೋ ಟಣ್ ಅಂತು. ನಂಗೆ ತಡೀಲಿಲ್ಲ, ನಾನೇ ಕೈ ಹಾಕಿ ತೆಗೆದೆ. ಗೇಣುದ್ದದ ಗಣಪ! ಬಣ್ಣ ಸ್ವಲ್ಪ ಹೋಗಿತ್ತು, ಸೊಂಡಿಲು, ದಂತ ಎಲ್ಲಾ ಸರಿಯಾಗಿತ್ತು. ಯಾರೋ ಯಾವತ್ತೋ ಬಿಟ್ಟಿದ್ದು, ಕರಗದೇ ಕೂತಿದ್ದಾನೆ. ನೀರಿಗೆ ಬಿಟ್ಟ ದೇವರನ್ನ ಮನೇಲಿ ಇಟ್ಕೊಳ್ಳೋದು ಹೇಗೆ? ತೊಳೆದು, ತಟ್ಟೇಲಿಟ್ಟು, ಕೆರೆ ಗೇಟಿಗೆ ತಗೊಂಡು ಹೋದೆ.

ವಾಚ್‌ಮನ್ ಅಡ್ಡ ನಿಂತ. "ಹಬ್ಬ ಆಗೋಯ್ತಲ್ಲ ಸಾರ್. ಈಗ ಬಿಡಂಗಿಲ್ಲ."

"ಇದು ಹೊಸದಲ್ಲಪ್ಪ, ನಿಮ್ಮ ಕೆರೇದೇ. ಮಣ್ಣಲ್ಲಿ ಬಂದ್ಬಿಟ್ಟಿದಾನೆ."

"ಹೊರಗೆ ಹೋದ್ಮೇಲೆ ರಿಟರ್ನ್ ಇಲ್ಲ ಸಾರ್. ಬರೋ ಹಬ್ಬಕ್ಕೆ ಕರ್ಕೊಂಡ್ಬನ್ನಿ. ಅಲ್ಲೀವರ್ಗೂ ನಿಮ್ಮನೇಲೇ ಇರ್ಲಿ. ಊಟ ಏನಾದ್ರೂ ಕೇಳ್ತಾನಾ?"

ಹೆಂಡತಿ ಅವನನ್ನ ಕಾಂಪೌಂಡ್ ಗೋಡೆ ಮೇಲೆ, ಸಂಪಿಗೆ ಕೊಂಬೆ ಕೆಳಗೆ ಕೂರಿಸಿದಳು. ಕೈ ಮುಗಿದು ಹರಕೆ ಹೊತ್ತಳು. "ಮರ ಹೂ ಬಿಟ್ರೆ ಮೊದಲನೇದು ನಿಂಗೇ ಕಣಪ್ಪ. ಎರಡನೇದು ನನ್ನ ತಲೆಗೆ."

ವಾಚ್‌ಮನ್ ಹೇಳಿದ್ದು ಸರಿ, ಗಣಪ ಊಟ ಕೇಳಲಿಲ್ಲ. ಸಂಜೆ ಕಡುಬು ಮಾಡಿಸ್ಕೊಂಡ.

ದಾಸವಾಳದ ತಕರಾರು

ಗೋಡೆ ಮೇಲೆ ದೇವರು ಕೂತ ಅಂದ್ರೆ ಕೇಳ್ಬೇಕಾ? ವಾಕಿಂಗ್ ಹೋಗೋರೆಲ್ಲ ಶೂ ಬಿಚ್ಚಿ ಕೈ ಮುಗಿಯೋಕೆ ಶುರು ಮಾಡಿದ್ರು. ದಿನಾ ಗಣಪನ ಮುಂದೆ ರಾಶಿ ಹೂ. ಪೂಜೆಗೆ ಅಂತ ಇನ್ನೊಬ್ಬರ ಮನೆ ಹೂ ಕೀಳೋದು ನಮ್ಮ ಬಡಾವಣೇಲಿ ಕಳ್ಳತನ ಅನ್ನಿಸ್ಕೊಳ್ಳಲ್ಲ, ನಿಮಗೆ ಗೊತ್ತಿರ್ಬೇಕು. ಮೂರನೇ ದಿನ ಪಕ್ಕದ ಮನೆಯಾಕೆ ಬುಟ್ಟಿ ಹಿಡ್ಕೊಂಡು ಬಂದ್ರು.

"ನಮ್ಮನೆ ದಾಸವಾಳ ನಿಮ್ಮ ಗಣಪನ ತಲೆ ಮೇಲೆ ಹೇಗೆ ಬಂತು?"

"ನಾನು ಕಿತ್ತಿಲ್ಲಮ್ಮ, ಯಾರೋ ಭಕ್ತರು."

"ಎಂಥಾ ಜನ ರೀ! ಕಷ್ಟಪಟ್ಟು ಬೆಳೆಸೋರು ನಾವು, ಕಿತ್ಕೊಂಡು ಪುಣ್ಯ ಕಟ್ಕೊಳ್ಳೋರು ಅವರು!" ಅಂತ ಬೈದು, ಬುಟ್ಟಿಯಿಂದ ಒಂದು ಹಿಡಿ ಹೂ ತೆಗೆದು ಗಣಪನಿಗೆ ಹಾಕಿ ಹೋದ್ರು. ಬಗ್ಗಿ ನೋಡಿದೆ. ನಮ್ಮನೆ ನಂದಿಬಟ್ಟಲು.

ಛತ್ರಿ ಯಾಕೆ ಅಂದ್ರೆ

ಒಂದು ದಿನ ಹೆಂಡತಿ "ರೀ!" ಅಂತ ಕೂಗಿದ ರಭಸಕ್ಕೆ ಅರ್ಧ ಶೇವಿಂಗ್‌ನಲ್ಲೇ ಓಡಿ ಬಂದೆ. ಮೊಗ್ಗು! ಕಣ್ಣಿಗೆ ಬಿದ್ದಿದ್ದು ಒಂದೇ, ಅದೂ ಗೋಡೆ ದಾಟಿ ರಸ್ತೆ ಕಡೆ ಚಾಚಿದ ಕೊಂಬೆಯ ತುದೀಲಿ. ಅವಳ ಕಣ್ಣು ತುಂಬಿ ಬಂದಿತ್ತು.

"ನಾಳೆ ಬೆಳಗ್ಗೆ ಅರಳತ್ತೆ. ಸ್ನಾನ ಮಾಡಿ ನಾನೇ ಕಿತ್ತು ಇಡ್ತೀನಿ. ಅಲ್ಲೀವರ್ಗೂ ಕಾಯೋದು ನಿಮ್ಮ ಕೆಲಸ. ಯಾರಾದ್ರೂ ಮುಟ್ಟಿದ್ರೋ, ಗ್ರಹಚಾರ ಬಿಡಿಸ್ಬಿಡ್ತೀನಿ." ಯಾರದ್ದು ಅಂತ ಕೇಳೋ ಧೈರ್ಯ ನಂಗೆ ಬರಲಿಲ್ಲ.

ಮಾರನೇ ದಿನ ಆರಕ್ಕೇ ಗೋಡೆ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಅವಳು ಸ್ನಾನಕ್ಕೆ ಹೋದ್ಲು. ಆರೂವರೆಗೆ ಛತ್ರಿ ಯಜಮಾನರು ಬಂದ್ರು. ನಿಂತ್ರು. ಆಚೆ ಈಚೆ ನೋಡಿದ್ರು. ಛತ್ರೀನ ತಲೆಕೆಳಗು ಮಾಡಿ, ಹಿಡಿಯ ಕೊಕ್ಕೆಯಿಂದ ಕೊಂಬೆ ಎಳೆದ್ರು. ಓಹೋ, ಛತ್ರಿ ಇದಕ್ಕಾ! ಎರಡು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕ ಖುಷೀಲಿ ಬಾಯಿ ಬಿಟ್ಕೊಂಡು ನೋಡ್ತಾ ಕೂತೆ. ತಡೀಬೇಕು ಅಂತ ನೆನಪಾಗೋ ಹೊತ್ತಿಗೆ ಹೂ ಅವರ ಕೈಲಿತ್ತು.

"ಏನ್ರೀ ಯಜಮಾನ್ರೆ!" ಅಂತ ಎದ್ದೆ. ಅದೇ ಹೊತ್ತಿಗೆ ಹೆಂಡತಿ ಒದ್ದೆ ತಲೆಗೆ ಟವೆಲ್ ಸುತ್ಕೊಂಡು ಆಚೆ ಬಂದ್ಲು. "ಅಯ್ಯೋ, ಅದು ಹರಕೆ ಹೂ! ಗಣಪನ ಮೊದಲನೇ ಹೂ!"

ಯಜಮಾನರ ಮುಖ ಬಿಳಿಚಿಕೊಳ್ತು. ಆದ್ರೆ ಒಂದೇ ಕ್ಷಣ. ಚಪ್ಪಲಿ ಬಿಟ್ಟು, "ಅವನಿಗೇ ಅಂತಾನೇ ಕಿತ್ತಿದ್ದು ತಾಯಿ" ಅಂತ ಹೂವನ್ನ ಗಣಪನ ತಲೆ ಮೇಲೆ ಇಟ್ರು. ಕಣ್ಣು ಮುಚ್ಚಿ ಶ್ಲೋಕ ಹೇಳಿದ್ರು, ಕೆನ್ನೆ ತಟ್ಕೊಂಡ್ರು, ನಿಂತಲ್ಲೇ ಮೂರು ಸುತ್ತು ಸುತ್ತಿದ್ರು. ಹೆಂಡತಿಯೂ ಕೈ ಮುಗಿದಳು. ಅಂತೂ ಮೊದಲನೇ ಹೂ ಸೇರಬೇಕಾದ ಕಡೆ ಸೇರ್ತಲ್ಲ ಅಂತ ನಾನು ಉಸಿರು ಬಿಟ್ಟೆ.

ಯಜಮಾನರು ಕಣ್ಣು ತೆರೆದ್ರು. ಗಣಪನ ತಲೆ ಮೇಲಿಂದ ಹೂ ತೆಗೆದು, ಭಕ್ತಿಯಿಂದ ಕಣ್ಣಿಗೊತ್ಕೊಂಡು, "ಪ್ರಸಾದ" ಅಂತ ಚೀಲಕ್ಕೆ ಹಾಕ್ಕೊಂಡು ಹೊರಟೇಬಿಟ್ರು.

ಪ್ರಸಾದ ತಗೋಬೇಡಿ ಅನ್ನಕ್ಕಾಗತ್ತಾ? ಇಬ್ಬರೂ ಕೈ ಮುಗ್ಕೊಂಡೇ ನಿಂತಿದ್ವಿ. ಅವರು ತಿರುವಿನಲ್ಲಿ ನಿಂತು, ಛತ್ರಿಯಿಂದ ಮರದ ಕಡೆ ತೋರಿಸಿದ್ರು. "ಮೇಲ್ಗಡೆ ಇನ್ನೊಂದು ಮೊಗ್ಗಿದೆ ತಾಯಿ, ನಾಳೆ ಅರಳತ್ತೆ. ನಿಮಗೆ ಎಟಕಲ್ಲ, ನಾನೇ ಬರ್ತೀನಿ!"

ಹೆಂಡತಿ ಟವೆಲ್ ಬಿಗಿ ಮಾಡ್ಕೊಂಡು ನನ್ನ ಕಡೆ ತಿರುಗಿದ್ಲು. "ಹರಕೆ ತೀರ್ತು. ಇನ್ನುಳಿದಿದ್ದು ನನ್ನ ಹೂ. ತಿಂಡಿ ಆಮೇಲೆ, ಮೊದ್ಲು ಹೋಗಿ ಒಂದು ಛತ್ರಿ ತಗೊಂಡ್ಬನ್ನಿ. ಅವರದ್ದಕ್ಕಿಂತ ಉದ್ದ ಇರ್ಲಿ!"