ಕಿವಿಗೆ ಕ್ಲಿಪ್ಪು, ಕ್ಲಿಪ್ಪಿಗೆ ಹರಳೆಣ್ಣೆ

ಎಚ್ಚರವಾಗಿರುವುದು ಅಂಥ ಕಷ್ಟದ ಕೆಲಸವಲ್ಲ ಎಂದು ನಂಬಿದ್ದವನು ನಾನು. ಮಿಡಿಗೇಶಿಯ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು, ಸಂಜೆ ಬಸ್ಸಿನಲ್ಲಿ ಮಧುಗಿರಿಗೆ ಮರಳಿ, ಜಗಲಿಯ ಮೇಲೆ ಕಾಫಿ ಹಿಡಿದು ಕೂತರೆ ದೀಪ ಹಚ್ಚುವವರೆಗೂ ನಾನೂ ನನ್ನ ಹೆಂಡತಿ ಜಯಮ್ಮನೂ ಹರಟುತ್ತಿದ್ದೆವು. ಚಿಕನ್‌ಗುನ್ಯಾ ಬಂದು ಹೋಯಿತು. ಸುಸ್ತು ಮಾತ್ರ ಇಲ್ಲೇ ಉಳಿಯಿತು. ಆರು ತಿಂಗಳಿಂದ ಜಯಮ್ಮ "ಪಾವಗಡದ ನಮ್ಮಕ್ಕನ ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬಂದಿದ್ರು..." ಎಂದು ಶುರುಮಾಡುತ್ತಿದ್ದಳು. ಗಂಡು ಕಾಫಿ ಲೋಟಕ್ಕೆ ಕೈ ಹಾಕುವಷ್ಟರಲ್ಲಿ ನನ್ನ ಗೊರಕೆ! ಹಳೆಯ ಸಂಜೆಗಳು ನನಗೆ ಎಷ್ಟು ಬೇಕಾಗಿದ್ದವೆಂದರೆ, ಬಸ್ಸಿನ ಕಿಟಕಿಯಲ್ಲಿ ಮಧುಗಿರಿ ಬೆಟ್ಟ ಕಂಡ ಕೂಡಲೇ ಇವತ್ತಾದರೂ ನಿದ್ದೆ ಹೋಗಬಾರದೆಂದು ಕೆನ್ನೆ ಚಿವುಟಿಕೊಳ್ಳುತ್ತಿದ್ದೆ.

ಆದ್ದರಿಂದ ಯಂತ್ರ ತರಿಸಿದೆ. ಕಿವಿಗೆ ಕ್ಲಿಪ್ಪು ಸಿಕ್ಕಿಸಿದರೆ ಸಣ್ಣ ಕರೆಂಟು ನರವನ್ನು ತಟ್ಟಿ ಸುಸ್ತು ಇಳಿಸುತ್ತದಂತೆ. ಸೂಜಿಯಿಲ್ಲ, ಮಾತ್ರೆಯಿಲ್ಲ. ಜೊತೆಗೆ ಬಂದ ಸೂಚನೆಗಳ ಹಾಳೆಯನ್ನು ವಿಜ್ಞಾನದ ಮೇಷ್ಟ್ರು ಓದುವುದೇ? ಅವಮಾನ!

"ಬರೀ ಕಿವೀಗೆ ಕಬ್ಬಿಣ ತಾಕಿಸ್ತೀರಾ? ಉಷ್ಣ ಆಗ್ತೈತೆ," ಎಂದು ಜಯಮ್ಮ ಹರಳೆಣ್ಣೆ ಬಟ್ಟಲು ತಂದಳು. ನಮ್ಮ ಮನೆಯಲ್ಲಿ ಮೈಗೆ ಏನೇ ತಾಕಬೇಕಾದರೂ ಮೊದಲು ಹರಳೆಣ್ಣೆಯ ಅಪ್ಪಣೆ ಆಗಬೇಕು. ನಾನೂ ಧಾರಾಳವಾಗಿ ಬಳಿದುಕೊಂಡೆ.

ಗುಂಡಿ ಒತ್ತಿದೆ. ಏನೂ ಇಲ್ಲ. ಒಂದರಿಂದ ಮೂರಕ್ಕೆ ಏರಿಸಿದೆ. ಇಲ್ಲ. ಏಳು, ಎಂಟು, ಹತ್ತು!

"ಹೆಂಗೈತ್ರೀ?"

"ನನ್ನ ನರಗಳು ಬಹಳ ಗಟ್ಟಿ, ಜಯಾ."

"ಎಣ್ಣೆ ಕತ್ತಿಗೆ ಇಳೀತೈತೆ, ತಡೀರಿ," ಎಂದು ಪಾತ್ರೆ ತೊಳೆದು ಬಂದಿದ್ದ ಅವಳು ಒದ್ದೆ ಸೆರಗಿನಿಂದ ಕಿವಿ, ಕ್ಲಿಪ್ಪು ಎರಡನ್ನೂ ಚೆನ್ನಾಗಿ ಒರೆಸಿದಳು.

ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ನಿಸಾರ್ ಸಾಬರು ಓಡಿ ಬಂದರು. ಸಿರಾದಿಂದ ಬಂದು ಇಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟವರು. ಕ್ಲಿಪ್ಪು ಕಿತ್ತು, ಮೂಸಿ ನೋಡಿ, ಹಾಳೆ ಓದಿದರು.

"ಮೇಷ್ಟ್ರೇ, ನೀರು ಹಚ್ಚಿ ಅಂತ ಬರ್ದವ್ರೆ. ಎಣ್ಣೇಲಿ ಕರೆಂಟು ಹರಿಯಲ್ಲ ಅಂತ ನಮ್ಮ ಹುಡುಗಿಗೆ ಟ್ಯೂಷನ್‌ನಲ್ಲಿ ಪಾಠ ಮಾಡಿದ್ದು ನೀವೇ ಅಲ್ವಾ?"

ನಾನೇ. ಚಿತ್ರ ಸಮೇತ!

ಜಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆರು ತಿಂಗಳ ಮೇಲೆ ಕೇಳಿದ ನಗು. ಅದಕ್ಕಾಗಿ ಇನ್ನೊಂದು ಕಿವಿಯನ್ನೂ ಕೊಡಬಹುದಿತ್ತು. ಸಾಬರು ಹೋದ ಮೇಲೆ, "ಈಗಂತೂ ಎಚ್ಚರ ಆಗಿದ್ದೀರಲ್ಲ, ಕುಂತ್ಕಳ್ರಿ," ಎಂದು ಪಕ್ಕದಲ್ಲೇ ಕೂತು ಅದೇ ಪಾವಗಡದ ಕಥೆ ಶುರುಮಾಡಿದಳು. ಗಂಡಿನವರು ಬಂದರು. ಕಾಫಿ ಕುಡಿದರು. ಹುಡುಗಿ ಗಂಡನ್ನು ಹಿತ್ತಲಿಗೆ ಕರೆದು ಒಂದೇ ಒಂದು ಪ್ರಶ್ನೆ ಕೇಳಿದಳು. ಕಥೆಯಲ್ಲಿ ಇಷ್ಟು ದೂರ ನಾನು ಎಂದೂ ಬಂದಿರಲಿಲ್ಲ! ಸುಖವಾಗಿ ಗೋಡೆಗೆ ಒರಗಿ, ಇನ್ನೂ ಚೆನ್ನಾಗಿ ಕೇಳಿಸಲೆಂದು ಕಣ್ಣು ಮುಚ್ಚಿದೆ.

"ಆಮೇಲೇನಾಯ್ತು?" ಎಂದೆ.

"ಆಮೇಲೆ ಬೆಳಗಾಯ್ತು," ಎಂದಳು ಜಯಮ್ಮ, ಕಸಬರಿಕೆ ಹಿಡಿದು. "ಏಳ್ರೀ, ಬಸ್ಸು ಹೋಗ್ತೈತೆ."

ಹುಡುಗಿ ಕೇಳಿದ್ದೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿಯುವ ಆಸೆ ದಿನಾ ಸಂಜೆ ಹುಟ್ಟುತ್ತದೆ, ನನಗಿಂತ ಮೊದಲು ಮಲಗುತ್ತದೆ. ಮೊನ್ನೆ ಆ ಹುಡುಗಿಯ ಮದುವೆಗೂ ಹೋಗಿ ಬಂದೆ. ಮುಂದಿನ ಸಾಲಿನಲ್ಲೇ ಕೂತಿದ್ದೆ. ಧಾರೆ ಯಾವಾಗ ಆಯಿತೋ ತಿಳಿಯಲಿಲ್ಲ!