ತರಬೇತಿಗೆ ಬಂದ ಮುಯ್ಯಾಳು

ಅಕೀಬನ ಫಜೀತಿಗೆಲ್ಲ ಮೂಲ ಕರೆಂಟು. ಹೋದ ತಿಂಗಳು ತಿಕೋಟಾದ ಸಮುದಾಯ ಭವನದಲ್ಲಿ ರೈತರಿಗೆ ಹನಿ ನೀರಾವರಿಯ ಸ್ಲೈಡು ತೋರಿಸುತ್ತಿದ್ದಾಗ ಅದು ಹೋಯಿತು. ಸ್ಲೈಡು ಇಲ್ಲದೆ ನಾಲ್ಕು ಮಾತು ಆಡಿ ಗೊತ್ತಿಲ್ಲದ ಮನುಷ್ಯ, ಊಟದ ಹೊತ್ತಿನವರೆಗೆ ಹೇಗಾದರೂ ಕಾಲ ನೂಕಬೇಕಿತ್ತು. ಬಾಯಿಗೆ ಬಂದದ್ದು ಮುಯ್ಯಾಳಿನ ಮಾತು.

"ನಮ್ಮ ಹಿರ್‍ಯಾರು ಭಾಳ ಶ್ಯಾಣ್ಯಾರಿದ್ರು. ಇವತ್ತ ನನ್ನ ಹೊಲಕ್ಕ ನೀ ಬಾ, ನಾಳಿ ನಿನ್ನ ಹೊಲಕ್ಕ ನಾ ಬರ್ತೀನಿ ಅಂತಿದ್ರು. ಕೂಲಿ ಇಲ್ಲ, ಪಗಾರ ಇಲ್ಲ. ಮಾತಿಗೆ ಮಾತು, ಆಳಿಗೆ ಆಳು. ಆ ಪದ್ಧತಿ ಹೊಳ್ಳಿ ತರ್‍ರಿ" ಎಂದು ಎದೆ ತುಂಬಿ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಅವನು ಕೆಲಸಕ್ಕೆ ಸೇರಿದ ಮೇಲೆ ಬಿದ್ದ ಮೊದಲ ಚಪ್ಪಾಳೆ ಅದು. ಅದನ್ನು ನೆನೆದು ಬಸ್ಸಿನಲ್ಲಿ ವಿಜಯಪುರದವರೆಗೂ ಒಬ್ಬನೇ ನಗುತ್ತ ಬಂದ, ಪಾಪ.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ, ಒಂದು ಬೇಕರಿಯ ಮಾಳಿಗೆಯ ಮೇಲೆ ಅವನ ಕಚೇರಿ. ದ್ರಾಕ್ಷಿ, ದಾಳಿಂಬೆ ಬೆಳೆಯುವವರಿಗೂ ಆಡು, ಎಮ್ಮೆ ಸಾಕುವವರಿಗೂ ತಿಳಿವಳಿಕೆ ಕೊಡುವುದು ಆ ಸಂಸ್ಥೆಯ ಕೆಲಸ. ಕೊಡುತ್ತಲೇ ಇತ್ತು. ತಗೊಳ್ಳುವವರು ಮಾತ್ರ ಊಟದ ಹೊತ್ತಿಗೆ ಬಂದು ಕೈತೊಳೆದು ಕೂಡುತ್ತಿದ್ದರು. ಅಕೀಬನ ಗುತ್ತಿಗೆ ಈ ತಿಂಗಳಿಗೆ ಮುಗಿಯುವುದಿತ್ತು. ಧಾರವಾಡದ ಮುಖ್ಯ ಕಚೇರಿಯಿಂದ ಕಾವ್ಯಾ ಮ್ಯಾಡಂ ಬಂದು, ಅವನ ತರಬೇತಿ ಕಣ್ಣಾರೆ ನೋಡಿ, ಇವನನ್ನು ಇಡಬೇಕೋ ಬಿಡಬೇಕೋ ಹೇಳುವವರಿದ್ದರು.

"ಹಾಲ್ ತುಂಬಿರಬೇಕು ನೋಡು" ಎಂದಿದ್ದ ಅವನ ಮೇಲಧಿಕಾರಿ ಚೇತನಕುಮಾರ. "ನೀ ಏನ್ ಹೇಳ್ತಿ ಅಂತ ಯಾರೂ ಕೇಳಂಗಿಲ್ಲ. ಖಾಲಿ ಖುರ್ಚಿ ಮಾತ್ರ ಎಲ್ಲಾರಿಗೂ ಕಾಣ್ತಾವ."

ಕೆಲಸ ಹೋದರೆ ಮುಂದೇನು ಎನ್ನುವುದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಹೆಂಡತಿ ಸೈಮಾಳ ಅಣ್ಣ ನಾಸೀರನದು ಚಪ್ಪಲಿ ಅಂಗಡಿ. ಬಿ.ಎಸ್ಸಿ. ಕೃಷಿ ಓದಿದ ಅಕೀಬ ಅಲ್ಲಿ ಗಿರಾಕಿಗಳ ಪಾದದ ಮುಂದೆ ಕುಕ್ಕರಗಾಲಲ್ಲಿ ಕೂತು ಚಪ್ಪಲಿ ತೊಡಿಸಬೇಕು. ಅದಕ್ಕಿಂತ ಹೆಚ್ಚಾಗಿ, ದಿನವಿಡೀ ನಾಸೀರಭಾಯಿಯ ಉಪದೇಶ ಕೇಳಬೇಕು. ಚಪ್ಪಲಿ ತೊಡಿಸಲು ಅವನು ಹಿಂಜರಿಯುವವನಲ್ಲ, ಉಪದೇಶವೇ ಅವನಿಗೆ ಆಗದ ಸಂಗತಿ.

ಮ್ಯಾಡಂ ಬರುವ ದಿನ ಮುಂಜಾನೆ ತಿಕೋಟಾದಲ್ಲಿ ಇಳಿದು ನೋಡಿದರೆ ಭವನದಲ್ಲಿ ಖುರ್ಚಿಗಳು ಸಾಲಾಗಿ ಕೂತಿದ್ದವು, ಮನುಷ್ಯರು ಯಾರೂ ಇರಲಿಲ್ಲ. ಹಿಂದೆ ಒಲೆಯ ಮೇಲೆ ಶಿರಾ, ಉಪ್ಪಿಟ್ಟು ತಯಾರಾಗುತ್ತಿತ್ತು. ಅದರ ವಾಸನೆಗೂ ಜನ ಬಂದಿರಲಿಲ್ಲ ಎಂದರೆ ಪರಿಸ್ಥಿತಿ ಗಂಭೀರ. ಚಾಟ್ನಿಯ ಹಂಗಾಮು ಅದು, ಎಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕಾಲ. ಕತ್ತರಿಸಿದ ಕಡ್ಡಿಯ ಕಣ್ಣುಕಣ್ಣಿಗೂ ಚಿಗುರೊಡೆಸುವ ಪೇಸ್ಟ್ ಹಚ್ಚಬೇಕು. ಊರಿಗೆ ಊರೇ ತೋಟದಲ್ಲಿತ್ತು.

ಅಕೀಬ ಹೌಹಾರಿ ಸೈಮಾಳಿಗೆ ಫೋನ್ ಹಚ್ಚಿದ. "ಯಾರರ ಖಾಲಿ ಇದ್ದವರನ್ನ ಕಳಸು. ಬಂದು ಕುಂತ್ರ ಸಾಕು."

"ನೋಡ್ತೀನಿ. ನೀವೇನೂ ಹೆದರಬ್ಯಾಡ್ರಿ" ಎಂದಳು ಸೈಮಾ. ಅವಳು ಹೀಗೆ ಅಂದಾಗಲೇ ಅವನಿಗೆ ಹೆದರಿಕೆ ಹೆಚ್ಚಾಗುವುದು.

ಅಲ್ಲಿಂದ ನೇರ ಬಸಗೊಂಡಪ್ಪನ ತೋಟಕ್ಕೆ ಓಡಿದ. ಊರಿನ ದ್ರಾಕ್ಷಿ ಬೆಳೆಗಾರರಲ್ಲಿ ಹಿರಿಯ ಅವನು. ಅವನು ಬಂದರೆ ನಾಲ್ಕು ಮಂದಿ ಬರುತ್ತಾರೆ. ಬಸಗೊಂಡಪ್ಪ ಬಳ್ಳಿಯ ಕೆಳಗೆ ಕತ್ತರಿ ಹಿಡಿದು ನಿಂತಿದ್ದ. ಅಕೀಬ ಕೈ ಮುಗಿಯುವುದೊಂದು ಬಾಕಿ.

"ಗೌಡ್ರ, ಒಂದಿನ ಕುಂಡ್ರಾಕ ಬರ್‍ರಿ. ನನ್ನ ನೌಕರಿ ನಿಮ್ಮ ಕೈಯಾಗ ಐತಿ."

ಬಸಗೊಂಡಪ್ಪ ಕತ್ತರಿ ಕೆಳಗಿಳಿಸಿ ವಿಚಾರ ಮಾಡಿದ. "ಬರೂಣಂತ, ಅದ್ರಾಗೇನೈತಿ. ನೀವs ಹೇಳಿದ್ರೆಲ್ಲ ಮುಯ್ಯಾಳ ಅಂತ. ಇವತ್ತ ನಾವು ನಿಮ್ಮ ಕೆಲಸಕ್ಕ ಬರ್ತೀವಿ. ನಾಳಿ ನೀವು ನಮ್ಮ ಚಾಟ್ನಿಗೆ ಬರ್‍ರಿ."

ಅಕೀಬ ನಕ್ಕ. ಹಳ್ಳಿಯವರು ಚೇಷ್ಟೆ ಮಾಡುತ್ತಾರೆ ಎಂದುಕೊಂಡ. "ಆತ್ರಿ, ಬರ್ತೀನಿ."

"ಮಾತ್ ಹೌದಲ್ಲ?"

"ಮಾತ್ ಹೌದ್ರಿ."

ಬಸಗೊಂಡಪ್ಪ ಕೈ ಮುಂದೆ ಚಾಚಿದ. ಅಕೀಬ ಹಿಡಿದು ಕುಲುಕಿದ. ತಿಕೋಟಾದ ಕಡೆ ಈ ಕೈ ಕುಲುಕುವುದಕ್ಕೆ ಏನು ತೂಕವಿದೆಯೆಂದು ವಿಜಯಪುರದಲ್ಲಿ ಬೆಳೆದ ಅವನಿಗೆ ಯಾರು ಹೇಳಬೇಕು? ಮುಯ್ಯಾಳಿನ ಮೇಲೆ ಭಾಷಣ ಮಾಡಿದ್ದ, ನಿಜ. ಮುಯ್ಯಾಳು ಹೋದವನಲ್ಲ.

ದಾರಿಯಲ್ಲಿ ಹೊಳೆವ್ವ ಸಿಕ್ಕಳು, ಎಮ್ಮೆ ಹೊಡೆದುಕೊಂಡು ಹೊರಟಿದ್ದಳು. ಅವಳೂ ಒಪ್ಪಿದಳು. "ಬರ್ತೀನಿ ಯಪ್ಪಾ. ಸೋಮವಾರ ನಾ ಮಗಳ ಊರಿಗೆ ಹೋಗಾಕಿ ಅದೀನಿ. ಅವತ್ತ ನೀ ಬಂದು ಎಮ್ಮಿ ಹಿಂಡಬೇಕ ನೋಡು. ಒದೆಯೋದೇನಿಲ್ಲ, ಹಿಂಡಾವ್ರ ಮಾರಿ ಹೊಸಾದಾದ್ರ ಅಷ್ಟs." ಹೈನುಗಾರಿಕೆಯ ಮೇಲೆ ಎಷ್ಟೋ ಸಲ ಪಾಠ ಮಾಡಿದ್ದರೂ ಎಮ್ಮೆಯ ಕೆಚ್ಚಲು ಮುಟ್ಟದ ಅಕೀಬ ಅದಕ್ಕೂ ಹೂಂ ಎಂದ. ಆಡಿನ ವ್ಯಾಪಾರದ ಬಾಬುಸಾಬನದು ಇನ್ನೊಂದು ಷರತ್ತು. ಆಡು ಬಿಟ್ಟು ಬರಲಾಗದು, ಆಡಿನ ಸಮೇತ ಬರುತ್ತೇನೆ, ತಿರುಗಿ ಒಂದು ದಿನ ನೀವು ಆಡು ಕಾಯಬೇಕು. ಅದಕ್ಕೂ ಹೂಂ.

ಹೂಂ ಎಂದದ್ದು ಮೂರು ಜನಕ್ಕೆ. ಆದರೆ ಪುಕ್ಕಟೆ ಆಳು ಸಿಗುತ್ತದೆ ಎನ್ನುವ ಸುದ್ದಿ ಚಾಟ್ನಿ ಹಂಗಾಮಿನಲ್ಲಿ ಹೊರಟರೆ ಅದನ್ನು ತಡೆಯುವವರು ಯಾರು? ಭವನಕ್ಕೆ ಬಂದು ಅವನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಖುರ್ಚಿ ತುಂಬಿದವು. ಆಮೇಲೆ ಜಮಖಾನೆ ತುಂಬಿತು. ಸಾರವಾಡದಿಂದ ಒಂದು ಟ್ರ್ಯಾಕ್ಟರ್ ಬಂತು. ಬಬಲೇಶ್ವರದಿಂದ ಟೆಂಪೊ ಬಂತು. ಒಬ್ಬೊಬ್ಬರೂ ಒಳಗೆ ಬರುವಾಗ ಅಕೀಬನ ಕೈ ಹಿಡಿದು ಕುಲುಕಿ, "ನಮ್ಮದು ದಾಳಿಂಬ್ರಿ ತ್ವಾಟ ಐತ್ರಿ, ಕಾಖಂಡಕಿ ರಸ್ತೆಕ್ಕ", "ನಮ್ಮದು ತೊಗರಿ ಕೊಯ್ಯೋದೈತ್ರಿ, ಆಮ್ಯಾಗ ಹೇಳಿ ಕಳಸ್ತೀನಿ" ಎಂದು ಹೇಳಿ ಕೂತರು. ಅಕೀಬ ಬೆರಳು ಮಡಚಿ ದಿನ ಎಣಿಸತೊಡಗಿದ, ಬೆರಳು ಸಾಲಲಿಲ್ಲ.

ಬಸಗೊಂಡಪ್ಪನನ್ನು ಬದಿಗೆ ಕರೆದ. "ಗೌಡ್ರ, ಇಷ್ಟ್ ಮಂದಿ ಬ್ಯಾಡ್ರಿ. ಅರ್ಧ ಮಂದೀನ ಹೊಳ್ಳಿ ಕಳಸ್ರಿ."

"ಬಂದ ಆಳನ್ನ ಹೊಳ್ಳಿ ಕಳಸೂ ಪದ್ಧತಿ ಇಲ್ರಿ ನಮ್ಮಾಗ" ಎಂದ ಬಸಗೊಂಡಪ್ಪ ಸಮಾಧಾನದಿಂದ. "ಕಳಿಸಿದ್ರೂ ಒಂದ್ ದಿನಾ ಲೆಕ್ಕಕ್ಕ ಹಿಡೀತೈತಿ. ಅವ್ರು ಕೆಲಸ ಬಿಟ್ಟು ಬಂದಾರ. ಕುಂಡ್ರಲಿ ಬಿಡ್ರಿ, ಶಿರಾ ಹೆಂಗೂ ಐತಿ."

ಅಷ್ಟರಲ್ಲಿ ಮ್ಯಾಡಂ ಬಂದೇಬಿಟ್ಟರು. ಜೀಪು ಇಳಿದು ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಕಿಟಕಿಯಲ್ಲೂ ಜನ. ಹಿಂದಿನ ಸಾಲಿನಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡ ಒಬ್ಬ ದಪ್ಪನೆಯ ರೈತನಂತೂ ತರಬೇತಿಯ ಪುಸ್ತಿಕೆಯಿಂದಲೇ ಗಾಳಿ ಬೀಸಿಕೊಳ್ಳುತ್ತ, ಎಲ್ಲಕ್ಕೂ ತಲೆಯಾಡಿಸುತ್ತ ಕೂತಿದ್ದ. ಚೇತನಕುಮಾರ ಬೀಗಿ, "ಎಲ್ಲಾ ನಮ್ಮ ಕಚೇರಿ ಪ್ರಯತ್ನ ಮೇಡಂ" ಎಂದ. ಅವನ ಪ್ರಯತ್ನವೆಂದರೆ ಜೀಪಿನ ಬಾಗಿಲು ತೆಗೆದದ್ದು.

ಅಕೀಬ ಆಡಿನ ಲಸಿಕೆಯ ಪಾಠ ಶುರು ಮಾಡಿದ. ಬಾಬುಸಾಬನ ಆಡು ನಿಧಾನಕ್ಕೆ ವೇದಿಕೆ ಹತ್ತಿ, ಮ್ಯಾಡಂಗೆಂದು ತಂದಿದ್ದ ಚೆಂಡುಹೂವಿನ ಮಾಲೆಯನ್ನು ಒಂದು ತುದಿಯಿಂದ ತಿನ್ನತೊಡಗಿತು. ಯಾರೂ ಅದನ್ನು ಓಡಿಸಲಿಲ್ಲ. ಮುಯ್ಯಾಳಿಗೆ ಬಂದವರಿಗೆ ಹೇಳಿದ ಕೆಲಸ ಕೂತಿರುವುದಷ್ಟೇ, ಕೂತಿದ್ದರು. ಮ್ಯಾಡಂ ನಗಲಿಲ್ಲ, ಬೈಯಲೂ ಇಲ್ಲ. ಪಾಠ ಮುಗಿದ ಮೇಲೆ ಎದ್ದು ನಿಂತರು.

"ನಂದು ಒಂದs ಪ್ರಶ್ನೆ" ಎಂದರು. "ಅಕೀಬ ಅವರು ನಿಮಗ ಭಾಳ ದಿನದಿಂದ ಕಲಸಾಕತ್ತಾರ. ಅವರು ಹೇಳಿದ್ದರಾಗ ಯಾವದರ ಒಂದು ನೀವು ಖರೇನ ಮಾಡೀರೇನು? ಮಣ್ಣು ಪರೀಕ್ಷಾ? ಲಸಿಕಿ? ಏನರ?"

ಆಡು ಹೂವು ತಿನ್ನುವ ಸಪ್ಪಳ ಕೇಳುತ್ತಿತ್ತು. ಅಕೀಬ ಬಸಗೊಂಡಪ್ಪನ ಕಡೆ ನೋಡಿದ, ದಯಮಾಡಿ ಒಂದು ಸುಳ್ಳು ಹೇಳಪ್ಪಾ ಎನ್ನುವ ಹಾಗೆ. ಬಸಗೊಂಡಪ್ಪ ಎದ್ದ. ಸುಳ್ಳು ಹೇಳುವ ಮನುಷ್ಯ ಅಲ್ಲ ಅವನು, ಅದೇ ಅಕೀಬನ ದುರ್ದೈವ.

"ಒಂದು ಮಾಡೀವ್ರಿ ಅಕ್ಕಾರ. ಮುಯ್ಯಾಳ. ಇವರs ಹೇಳಿಕೊಟ್ಟಾರ. ಅದಕ್ಕs ಇವತ್ತ ನಾವೆಲ್ಲಾ ಚಾಟ್ನಿ ಬಿಟ್ಟು ಇವ್ರ ಕೆಲಸಕ್ಕ ಬಂದು ಕುಂತೀವಿ. ನಾಳಿಯಿಂದ ಇವ್ರು ನಮ್ಮ ನಮ್ಮ ತ್ವಾಟಕ್ಕ ಬರ್ತಾರ. ಅದ್ರಾಗೇನ ಮುಚ್ಚುಮರಿ ಇಲ್ಲ."

ಚೇತನಕುಮಾರ ಅಕೀಬನಿಂದ ಎರಡು ಹೆಜ್ಜೆ ದೂರ ಸರಿದು ನಿಂತ. ಅಕೀಬನ ಮುಂದೆ ನಾಸೀರಭಾಯಿಯ ಅಂಗಡಿ ಬಂದು ನಿಂತಿತು. ಹೊಸ ಚಪ್ಪಲಿಯ ವಾಸನೆಯೂ ಬಂದ ಹಾಗಾಯಿತು. ಆಗಲಿ, ಅಲ್ಲಿ ಎಮ್ಮೆಯಾದರೂ ಇಲ್ಲವಲ್ಲ ಎಂದು ತನ್ನ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡ.

ಮ್ಯಾಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನಾ ಎಷ್ಟ್ ಜಿಲ್ಲಾ ತಿರುಗೇನಿ. ಕಲಿಸಿದ್ದನ್ನ ರೈತರು ಮಾಡಿದ್ದು ಇವತ್ತs ನೋಡಿದ್ದು. ಅಕೀಬ, ನಿಮ್ಮ ಗುತ್ತಿಗಿ ಮುಂದುವರಿತು. ಬಬಲೇಶ್ವರದ ಕಡೆ ಕೆಲಸಾನೂ ನಿಮಗs ಕೊಡ್ತೀನಿ." ಚೇತನಕುಮಾರ ಎರಡು ಹೆಜ್ಜೆ ಹತ್ತಿರ ಬಂದು ಚಪ್ಪಾಳೆ ಶುರು ಮಾಡಿದ.

ಜೀಪು ಹತ್ತುವಾಗ ಮ್ಯಾಡಂ ಅಕೀಬನನ್ನು ಹತ್ತಿರ ಕರೆದು ದನಿ ತಗ್ಗಿಸಿದರು. "ಬರೂ ವಾರ ಧಾರವಾಡದಾಗ ನಂದೊಂದು ಸಭಾ ಐತಿ. ಮ್ಯಾಲಿನವರು ಬರ್ತಾರ. ನಮಗೂ ಮಂದಿ ಸಿಗವಲ್ರು. ಇವತ್ತ ನಾ ನಿಮ್ಮ ಕಾರ್ಯಕ್ರಮಕ್ಕ ಬಂದೇನಿ. ನೀವು ಈ ಮಂದೀನ ಕರಕೊಂಡು ನನ್ನ ಸಭಾಕ್ಕ ಬರ್‍ರಿ. ಮುಯ್ಯಾಳ ಅಂದ್ರ ಹಿಂಗs ಹೌದಿಲ್ಲೋ?"

ಜೀಪು ಧೂಳೆಬ್ಬಿಸಿ ಹೋಯಿತು. ಪಕ್ಕದಲ್ಲೇ ನಿಂತಿದ್ದ ಬಸಗೊಂಡಪ್ಪನಿಗೆ ಎಲ್ಲ ಕೇಳಿಸಿತ್ತು. "ಹೋಗೂಣ ಬಿಡ್ರಿ ಧಾರವಾಡಕ್ಕ. ಆದ್ರ ಅಷ್ಟ್ ದೂರ ಹೋಗಿ ಬರೂದಂದ್ರ ಒಂದ್ ದಿನಕ್ಕ ಎರಡು ದಿನ ಹಿಡೀಬೇಕಾಕ್ಕೈತಿ. ನೀವು ಹೊರಗಿನವರಲ್ಲ, ಅದಕ್ಕ ಎರಡs ಸಾಕು."

ಆಗ ಹಿಂದಿನ ಸಾಲಿನ ದಪ್ಪ ರೈತ ಮುಖದ ಟವೆಲ್ ಬಿಚ್ಚುತ್ತ ಹೊರಗೆ ಬಂದ. ನಾಸೀರಭಾಯಿ.

"ಸೈಮಾ ಫೋನ್ ಮಾಡಿದ್ಲು. ಅಂಗಡಿ ಮುಚ್ಚಿ ಬಂದೆ" ಎಂದ ಬೆವರು ಒರೆಸಿಕೊಳ್ಳುತ್ತ. "ಭಾಳ ಛಲೋ ಮಾತಾಡ್ತಿ ಅಕೀಬ. ಆಡಿಂದ ತಿಳೀಲಿಲ್ಲ, ಮುಯ್ಯಾಳಿಂದ ಪೂರಾ ತಿಳೀತು. ದೀಪಾವಳಿ ಗಿರಾಕಿ ಶುರು ಆಗ್ಯಾವ. ನಾಳಿ ಬಂದು ಅಂಗಡ್ಯಾಗ ಕುಂಡ್ರು."

"ನಾಳಿ ಇವ್ರು ನಮ್ಮ ಚಾಟ್ನಿಗೆ ಬರಾವ್ರದಾರ್‍ರಿ" ಎಂದ ಬಸಗೊಂಡಪ್ಪ. "ಮದಲ ಕೈ ಕೊಟ್ಟಿದ್ದು ನನಗ."

"ನಾ ತಂಗೀನs ಕೊಟ್ಟೇನಲ್ರಿ" ಎಂದ ನಾಸೀರ.

ಅದು ನ್ಯಾಯವಾದ ಮಾತೇ ಎಂದು ಬಸಗೊಂಡಪ್ಪನಿಗೂ ಅನಿಸಿತು. ಇಬ್ಬರೂ ಶಿರಾದ ತಟ್ಟೆ ಹಿಡಿದು ಕಟ್ಟೆಯ ಮೇಲೆ ಕೂತು ಮಾತಾಡಿ ಬಗೆಹರಿಸಿದರು. ಮುಂಜಾನೆ ತೋಟ, ಊಟದ ಮೇಲೆ ಅಂಗಡಿ. ಸೋಮವಾರ ಹೊಳೆವ್ವನ ಎಮ್ಮೆ. ಬಬಲೇಶ್ವರದವರು ತಮ್ಮ ಪಾಳಿ ಯಾವಾಗ ಎಂದು ಕೇಳಿದರು. ಅಕೀಬನ ನೌಕರಿಗೆ ಯಾವ ದಿನ ಇಡಬೇಕು ಎನ್ನುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಅವನು ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಬಾಬುಸಾಬ ಬಂದು ಆಡಿನ ಹಗ್ಗ ಅವನ ಕೈಗೆ ಕೊಟ್ಟ.

"ಸ್ವಲ್ಪ ಹಿಡಕೋರಿ ಸಾಹೇಬ್ರ, ನಾ ಉಪ್ಪಿಟ್ಟು ತಿಂದು ಬರ್ತೀನಿ. ಇದನ್ನೇನ ಮುಯ್ಯಾಳಿನ ಲೆಕ್ಕಕ್ಕ ಹಿಡೀಬ್ಯಾಡ್ರಿ ಮತ್ತ."